ನಮ್ಮ ಬೀದಿಯ ಮಳೆ ಲೆಕ್ಕದ ರೈಟ್ರು. ನಿಮ್ಮ ಅಕ್ಕಪಕ್ಕದಲ್ಲಿ ಯಾರಿದ್ದಾರೆ?

ಕೋಟೆ ಟೀಚರ್ (ಚಿಕ್ಕಮಗಳೂರು)

ನಮ್ಮ ಪಕ್ಕದ ಮನೆಯವರನ್ನು ಬೀದಿಯವರೆಲ್ಲ ರೈಟ್ರು ಅಂತಲೇ ಕರೆಯುತ್ತಾರೆ. ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆಯುವುದು, ಬಟವಾಡೆ ಮಾಡುವುದು, ಕೊಯ್ಲಿನ ಕಾಲದಲ್ಲಿ ಹಣ್ಣಿನ ತೂಕ ನೋಡುವುದು, ಗೊಬ್ಬರದ ಲೆಕ್ಕ ಇಡುವುದು ಎಲ್ಲ ಅವರದ್ದೇ. ನಿವೃತ್ತಿ ಆದಮೇಲೆ ಇಲ್ಲಿ ಚಿಕ್ಕಮಗಳೂರಿನ ಕೋಟೆ ಬಡಾವಣೆಯಲ್ಲಿ ಮನೆ ಮಾಡಿದರು. ಬೇರೆ ಎಲ್ಲ ಕೆಲಸ ಬಿಟ್ಟರು. ಒಂದನ್ನು ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುತ್ತಾರೆ.

ಎಂಟೂವರೆ ಯಾಕೆ ಅಂದರೆ ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕ ಅದೇ ಹೊತ್ತಿಗೆ ಮುಗಿಯುತ್ತದೆ. ಹಿಂದಿನ ದಿನ ಎಂಟೂವರೆಯಿಂದ ಇವತ್ತು ಎಂಟೂವರೆವರೆಗೆ ಬಿದ್ದದ್ದು ಒಂದು ದಿನದ ಮಳೆ. ಹೊತ್ತು ತಪ್ಪಿದರೆ ಬೇರೆಯವರ ಲೆಕ್ಕದ ಜೊತೆ ಹೋಲಿಸೋಕೆ ಆಗೋದಿಲ್ಲ ಅನ್ನುತ್ತಾರೆ ಅವರು.

ಅವರ ಅಂಗಳದಲ್ಲಿ ದೊಡ್ಡ ಹಲಸಿನ ಮರ ಇದೆ. ಮರದ ಹತ್ತಿರ ಅಳತೆ ಸರಿ ಬರುವುದಿಲ್ಲ. ಎಲೆ ಒಂದಿಷ್ಟು ನೀರನ್ನು ತಡೆಯುತ್ತದೆ, ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತದೆ. ಹಾಗಾಗಿ ಮಳೆಮಾಪಕ ಇರುವುದು ನಮ್ಮ ಹಿತ್ತಲಲ್ಲಿ! ನಾವು ಬಾಡಿಗೆಗೆ ಬರುವ ಎಷ್ಟೋ ವರ್ಷ ಮೊದಲೇ ಮನೆ ಮಾಲೀಕರನ್ನು ಕೇಳಿ ಇಟ್ಟಿದ್ದರು. ನಾವು ಬಂದ ಮರುದಿನ ಗೇಟಿನ ಹತ್ತಿರ ನಿಂತು, "ಟೀಚರಮ್ಮ, ಹಿತ್ತಲಲ್ಲಿ ನನ್ನದೊಂದು ಸಾಮಾನಿದೆ. ದಿನಾ ಒಂದು ಸಲ ಬಂದು ನೋಡಬೇಕು. ನಿಮಗೆ ತೊಂದರೆ ಅನಿಸಿದರೆ ಬೇರೆ ಕಡೆ ಇಡುತ್ತೇನೆ" ಅಂದರು. ಇರಲಿ ಬಿಡಿ ಅಂದೆ. ಅಲ್ಲಿಂದ ಶುರುವಾಯಿತು ನಮ್ಮ ಪರಿಚಯ.

ಅವರ ಪುಸ್ತಕಗಳ ಬಗ್ಗೆ ಹೇಳಲೇಬೇಕು. ಉದ್ದನೆಯ ರಟ್ಟಿನ ಪುಸ್ತಕಗಳು, ತೋಟದ ಹಾಜರಿ ಪುಸ್ತಕದ ಥರದವು. ಎಡಗಡೆ ತಾರೀಕು. ಅದರ ಪಕ್ಕ ಯಾವ ಮಳೆ ಅಂತ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಹೀಗೆ. ಆಮೇಲೆ ಎಷ್ಟು ಸೆಂಟ್. ಕಾಫಿ ಸೀಮೆಯಲ್ಲಿ ಹಳಬರು ಇವತ್ತಿಗೂ ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬಲಗಡೆ ಅಗಲವಾದ ಒಂದು ಕಾಲಂ. ಅಲ್ಲಿ ಏನು ಬೇಕಾದರೂ ಇರುತ್ತದೆ. ವರ್ಷದ ಮೊದಲ ಗುಡುಗು. ಬಾವಿಯಲ್ಲಿ ನೀರು ಎಷ್ಟು ಮೊಳ ಏರಿತು. ಕರೆಂಟ್ ಯಾವಾಗ ಹೋಯಿತು, ಯಾವಾಗ ಬಂತು. ನನ್ನ ಮಗ ಹುಟ್ಟಿದ ದಿನದ ಸಾಲು ಹೀಗಿದೆ: "ಸ್ವಾತಿ. 32 ಸೆಂಟ್. ರಾತ್ರಿ ಗುಡುಗು ಜಾಸ್ತಿ. ಟೀಚರ್‌ಗೆ ಗಂಡು ಮಗು, ಇಬ್ಬರೂ ಕ್ಷೇಮ."

ಆ ಸಾಲು ಓದಿದಾಗ ನನಗೆ ಕಣ್ಣು ತುಂಬಿ ಬಂತು. ನಮ್ಮ ಮನೆಯ ಒಂದು ದಿನವನ್ನು ನಮ್ಮ ಬಂಧುಗಳಲ್ಲದ ಒಬ್ಬರು ಬರೆದಿಟ್ಟಿದ್ದಾರೆ.

2019ರ ಆಗಸ್ಟ್ ನಿಮಗೆಲ್ಲ ನೆನಪಿರಬಹುದು. ಆಶ್ಲೇಷ ಮಳೆ. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಮನೆ ತೋಟ ಎಲ್ಲ ಹೋಯಿತು. ಚಾರ್ಮಾಡಿ ಘಾಟಿ ಮುಚ್ಚಿತ್ತು. ಪೇಟೆಯಲ್ಲಿ ಅಷ್ಟು ಅನಾಹುತ ಆಗಲಿಲ್ಲ ನಿಜ. ಆದರೆ ನಮ್ಮ ಬೀದಿಯ ಕೊನೆಯಲ್ಲಿ ಚರಂಡಿ ಪಕ್ಕ ತಗ್ಗಿನಲ್ಲಿ ಕೆಲವು ಮನೆಗಳಿವೆ. ರೈಟ್ರು ಹಳೇ ಪುಸ್ತಕ ತೆಗೆದು ನೋಡಿದರು. ಈ ಹಿಂದೆ ಎರಡು ದಿನ ಬಿಡದೆ ಎಷ್ಟು ಮಳೆ ಬಿದ್ದಾಗ ಆ ಚರಂಡಿ ಉಕ್ಕಿತ್ತು ಅನ್ನುವುದು ಅದರಲ್ಲಿ ಬರೆದಿತ್ತು. ಕೊಡೆ ಹಿಡಿದುಕೊಂಡು ಆ ಮನೆಗಳಿಗೆ ಹೋಗಿ, ಅಕ್ಕಿ ಮೂಟೆ, ಮಕ್ಕಳ ಪುಸ್ತಕ, ಕಾಗದ ಪತ್ರ ಎಲ್ಲ ಅಟ್ಟಕ್ಕೆ ಹಾಕಿ ಅಂದರು. ರಾತ್ರಿ ನೀರು ಒಳಗೆ ಬಂತು. ಸಾಮಾನು ಉಳಿಯಿತು.

ನನಗೆ ಇದರಿಂದ ಗಟ್ಟಿಯಾಗಿ ಅನಿಸಿದ್ದು ಇಷ್ಟು. ಒಂದು ಬೀದಿಯ ಬಗ್ಗೆ ತಿಳಿದಿರಬೇಕಾದ ಎಷ್ಟೋ ಸಂಗತಿ ಯಾವ ಕಚೇರಿಯಲ್ಲೂ ಇರುವುದಿಲ್ಲ. ಅದು ಯಾರೋ ಒಬ್ಬರ ತಲೆಯಲ್ಲೋ ಪುಸ್ತಕದಲ್ಲೋ ಇರುತ್ತದೆ. ಹೆಸರು, ಕೆಲಸ, ಗಾಡಿ ನಂಬರ್ ಗೊತ್ತಿದ್ದರೆ ಪರಿಚಯ ಅಂತ ಅಂದುಕೊಳ್ಳುತ್ತೇವೆ. ಆದರೆ ಆ ಮನುಷ್ಯ ದಿನಾ ಯಾವುದನ್ನು ಗಮನಿಸುತ್ತಾನೆ, ಯಾವುದರಲ್ಲಿ ಅವನಿಗೆ ಅಕ್ಕರೆ ಅನ್ನೋದು ಗೊತ್ತಾಗಬೇಕು. ನಿಮ್ಮ ಬೀದಿಯಲ್ಲೂ ಇಂಥವರು ಇದ್ದೇ ಇರುತ್ತಾರೆ, ಅಲ್ವಾ? ಬರೆಯಿರಿ.

ಆಲೂರು ತೋಟದವ

ಟೀಚರ್, ಸೆಂಟ್ ಲೆಕ್ಕ ಓದಿ ಬಹಳ ಖುಷಿಯಾಯಿತು. ನಮ್ಮ ಮನೆಯಲ್ಲೂ ಅಜ್ಜನ ಕಾಲದ ಮಳೆ ಪುಸ್ತಕ ಇದೆ. ಪೇಟೆಯವರಿಗೆ ಇದು ಹವ್ಯಾಸದ ಹಾಗೆ ಕಾಣಬಹುದು. ನಮಗೆ ವರ್ಷದ ಬೆಳೆ ಇದರ ಮೇಲೆ ನಿಂತಿದೆ. ಬೇಸಿಗೆಯಲ್ಲಿ ಹೂಮಳೆ ಒಂದು ಇಂಚಿನಷ್ಟು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ ಅರಳುತ್ತದೆ. ಇಪ್ಪತ್ತು ಮೂವತ್ತು ಸೆಂಟ್ ಬಿದ್ದು ನಿಂತುಬಿಟ್ಟರೆ ಮೊಗ್ಗು ಅರ್ಧಕ್ಕೇ ಕೂರುತ್ತದೆ. ಆಗ ಸ್ಪ್ರಿಂಕ್ಲರ್ ಹಾಕಬೇಕು. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು ಒಂದು ಲಕ್ಷ ಲೀಟರ್. ಕೆರೆಯಲ್ಲಿ ಅಷ್ಟು ನೀರು ಇರಬೇಕಲ್ಲ. ಆಮೇಲೆ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ ಬೇಕು, ಕಾಯಿ ಕಚ್ಚೋಕೆ. ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಫೋನ್ ಮಾತೆಲ್ಲ ಒಂದೇ. "ನಿಮ್ಮಲ್ಲಿ ಎಷ್ಟಾಯ್ತು?" ಗುಡ್ಡದ ಈಚೆ ಎಂಬತ್ತು ಸೆಂಟ್, ಆಚೆ ಒಂದು ಹನಿ ಇಲ್ಲ. ಪಕ್ಕದ ತೋಟದವರು ಹೇಳದಿದ್ದರೆ ಗೊತ್ತೇ ಆಗೋದಿಲ್ಲ.

ನಮ್ಮ ಕಡೆ ನೆರೆಯವರ ಬೆಲೆ ಗೊತ್ತಾಗೋದು ಆನೆಯಿಂದ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಎಲ್ಲ ಕಡೆ ಇದೇ ಕಥೆ. ಅರಣ್ಯ ಇಲಾಖೆಯಿಂದ ಮೊಬೈಲಿಗೆ ಮೆಸೇಜ್ ಬರುತ್ತದೆ, ಕೆಲವು ಕಡೆ ರಸ್ತೆ ಬದಿಯಲ್ಲಿ ಎಚ್ಚರಿಕೆ ಬೋರ್ಡ್ ಇದೆ. ಒಳ್ಳೆಯದೇ. ಆದರೆ "ಆನೆ ಈಗ ನಿಮ್ಮ ಲೈನ್ ಮನೆ ಹಿಂದಿನ ಬಿದಿರು ಮೆಳೆ ಹತ್ತಿರ ಇದೆ, ಆಳುಗಳನ್ನು ಆ ದಾರಿಯಲ್ಲಿ ಕಳಿಸಬೇಡಿ" ಅನ್ನೋ ಮಾತು ಪಕ್ಕದ ತೋಟದವರಿಂದಲೇ ಬರಬೇಕು. ನಮ್ಮ ಪಕ್ಕದ ತೋಟದಲ್ಲಿ ಒಬ್ಬ ಹೆಂಗಸು ಇದ್ದಾರೆ, ಗಂಡ ತೀರಿಕೊಂಡ ಮೇಲೆ ತೋಟ ಪೂರ್ತಿ ಅವರೇ ನೋಡುತ್ತಾರೆ. ಬೆಳಗಿನ ಜಾವ ಆನೆ ಬೈನೆ ಮರ ಮುರಿಯುವ ಸದ್ದು ಕೇಳಿದರೆ ಸಾಕು, ಸುತ್ತಲಿನ ಎಲ್ಲ ತೋಟಕ್ಕೂ ಫೋನ್ ಮಾಡುತ್ತಾರೆ. ಅವರಿಗೂ ನಮಗೂ ಬೇಲಿ ವಿಷಯದಲ್ಲಿ ಹಳೇ ತಕರಾರು ಇದೆ, ಇನ್ನೂ ಬಗೆಹರಿದಿಲ್ಲ. ಆದರೂ ಫೋನ್ ಒಂದು ದಿನವೂ ತಪ್ಪಿಲ್ಲ. ಅವರನ್ನು ನಾನು ಬಹಳ ಗೌರವಿಸುತ್ತೇನೆ.

ಕಡೂರು ತೆಂಗು

ನಮ್ಮದೂ ಇದೇ ಜಿಲ್ಲೆ. ಆದರೆ ಶೃಂಗೇರಿ ಕಡೆ ಸುರಿಯೋ ಮಳೆಯಲ್ಲಿ ಒಂದು ಪಾಲು ಕೂಡ ನಮಗಿಲ್ಲ. ನಮಗೆ ಒಂದೊಂದು ಹನಿಯೂ ಲೆಕ್ಕ. ಟೀಚರ್, ಮಳೆಮಾಪಕ ಮನೆಯಲ್ಲೇ ಮಾಡೋಕೆ ಆಗುತ್ತಾ? ರೈಟ್ರನ್ನು ಕೇಳಿ ಹೇಳಿ ದಯವಿಟ್ಟು. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದವರ ಮಳೆಮಾಪಕ ಇದೆ, ಗೊತ್ತು. ನನಗೆ ನನ್ನ ತೋಟದ್ದು ಬೇಕು.

ಕೋಟೆ ಟೀಚರ್

ಕೇಳಿದೆ. ಬಹಳ ಹುಮ್ಮಸ್ಸಿನಿಂದ ಹೇಳಿದರು. ಬಾಯಿಂದ ಬುಡದವರೆಗೆ ಒಂದೇ ಅಗಲ ಇರುವ, ತಳ ಸಮ ಇರುವ ಡಬ್ಬ ಬೇಕು. ಬಾಯಿ ಚಿಕ್ಕದೋ ದೊಡ್ಡದೋ ಪರವಾಗಿಲ್ಲ. ಒಳಗೆ ನಿಂತ ನೀರಿನ ಎತ್ತರ ಎಷ್ಟು ಮಿಲಿಮೀಟರ್ ಇದೆಯೋ ಅಷ್ಟೇ ಮಳೆ. ನೆಲದಿಂದ ಒಂದು ಅಡಿ ಎತ್ತರದಲ್ಲಿ ಡಬ್ಬದ ಬಾಯಿ ಬರೋ ಹಾಗೆ, ಅಲುಗಾಡದಂತೆ ಕಲ್ಲಿನ ಮಧ್ಯೆ ಕೂರಿಸಿ. ಮರವೋ ಗೋಡೆಯೋ ಇದ್ದರೆ ಅದರ ಎತ್ತರದ ಎರಡು ಪಟ್ಟು ದೂರಕ್ಕಾದರೂ ಇಡಿ. ತೆಂಗಿನ ತೋಟದಲ್ಲಿ ಅಂಥ ಜಾಗ ಹುಡುಕೋದು ಕಷ್ಟ, ಕಣದಲ್ಲೋ ಮನೆ ಮುಂದೆಯೋ ನೋಡಿ ಅಂದರು. ಅಳೆದ ಮೇಲೆ ನೀರು ಚೆಲ್ಲಿ. ಮಳೆ ಬರದ ದಿನ ಸೊನ್ನೆ ಅಂತ ಬರೆಯಲೇಬೇಕು, ಖಾಲಿ ಬಿಡಬಾರದು ಅಂತ ಒತ್ತಿ ಹೇಳಿದ್ದಾರೆ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ ನೀವು ನೋಡಲಿಲ್ಲವೋ ಆಮೇಲೆ ಗೊತ್ತಾಗೋದಿಲ್ಲ.

ನಮ್ಮ ಎಂಟನೇ ತರಗತಿ ಮಕ್ಕಳು ಹೀಗೇ ಮಾಡಿದರು. ರೈಟ್ರು ಶಾಲೆಗೆ ಬಂದು ಲೆಕ್ಕ ಹೇಳಿಕೊಟ್ಟರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಸಾವಿರ ಚದರಡಿ ತಾರಸಿ ಮೇಲೆ ಒಂದು ಇಂಚು ಮಳೆ ಬಿದ್ದರೆ ಎರಡು ಸಾವಿರದ ಮುನ್ನೂರು ಲೀಟರ್‌ಗೂ ಜಾಸ್ತಿ! ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಪುಸ್ತಕದಲ್ಲಿ ಇದ್ದ ಗಣಿತ ಅವರ ಮನೆ ತಾರಸಿಗೆ ಬಂತು.

ಹಾಸನ ನರ್ಸಮ್ಮ

ನಾನು ಹಾಸನದ ಹೊರಭಾಗದ ಒಂದು ಬಡಾವಣೆಯಲ್ಲಿ ಇದ್ದೇನೆ. ನಮ್ಮ ಬೀದಿಯ ಹೂವಿನ ಅಕ್ಕನ ಬಗ್ಗೆ ಹೇಳುತ್ತೇನೆ. ಅವರು ರಾತ್ರಿ ಮೂರು ಗಂಟೆಗೆ ಏಳುತ್ತಾರೆ. ಮಾರ್ಕೆಟ್ಟಿನಿಂದ ಬಿಡಿ ಹೂ ತಂದು, ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಂತೂ ಅವರಿಗೆ ನಿದ್ದೆಯೇ ಇಲ್ಲ. ನಾವೆಲ್ಲ ಮಲಗಿರುವ ಹೊತ್ತಿನ ಬೀದಿ ಅವರಿಗೆ ಗೊತ್ತು. ಯಾರ ಮನೆಯ ಲೈಟ್ ಯಾವಾಗ ಉರಿಯುತ್ತದೆ, ಯಾವ ನಾಯಿ ಯಾಕೆ ಬೊಗಳುತ್ತದೆ, ಎಲ್ಲ.

ಒಂದು ದಿನ ನಸುಕಿನಲ್ಲಿ ಒಂದು ಮನೆಯ ಲೈಟ್ ಉರಿಯುತ್ತಿತ್ತು. ಆ ಮನೆಯವರು ಅಷ್ಟು ಬೇಗ ಏಳುವವರಲ್ಲ. ಅಕ್ಕ ಹೋಗಿ ವಿಚಾರಿಸಿದರು. ಹುಡುಗನಿಗೆ ಹೊಟ್ಟೆನೋವು, ಅಜೀರ್ಣ ಇರಬೇಕು ಅಂತ ಓಮದ ಕಷಾಯ ಮಾಡುತ್ತಿದ್ದರು. ಹುಡುಗನ ಕಣ್ಣು ತೂಗುತ್ತಿತ್ತು, ರೆಪ್ಪೆ ಎತ್ತೋಕೆ ಆಗುತ್ತಿರಲಿಲ್ಲ. ಅಕ್ಕ ಓಡಿ ಬಂದು ನನ್ನ ಬಾಗಿಲು ಬಡಿದರು. ನೋಡಿದ ತಕ್ಷಣ ನನಗೆ ಕಟ್ಟುಹಾವಿನ ಅನುಮಾನ ಬಂತು. ನೆಲದ ಮೇಲೆ ಮಲಗಿದ್ದ ಹುಡುಗ. ಕಟ್ಟುಹಾವು ರಾತ್ರಿ ಕಚ್ಚುತ್ತದೆ, ನೋವು ಊತ ಹೆಚ್ಚು ಇರುವುದಿಲ್ಲ, ಗಾಯ ಹುಡುಕಿದರೂ ಕಾಣದೇ ಹೋಗಬಹುದು. ಆಮೇಲೆ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ಕೊನೆಗೆ ಉಸಿರಾಟಕ್ಕೇ ತೊಂದರೆ. ಬೀದಿಯ ಆಟೋದವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋದೆವು. ಹುಡುಗ ಉಳಿದ. ಈಗ ಕಾಲೇಜಿಗೆ ಹೋಗುತ್ತಿದ್ದಾನೆ.

ಓದುತ್ತಿರುವ ಎಲ್ಲರಿಗೂ ಒಂದು ಮಾತು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಾವು ಹಿಡಿಯೋಕೆ ಹೋಗಬೇಡಿ. ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಇಟ್ಟು ಪ್ರತಿವಿಷ ಇರುವ ಆಸ್ಪತ್ರೆಗೆ ಬೇಗ ಹೋಗಿ. 108ಕ್ಕೆ ಫೋನ್ ಮಾಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಕೊಡುತ್ತಾರೆ. ಹಾಗಾಗಿ ಯಾವ ಹಾವು ಅಂತ ಹುಡುಕುತ್ತಾ ಹೊತ್ತು ಕಳೆಯುವುದು ಬೇಡ. 2024ರಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಹೂವಿನ ಅಕ್ಕ ಓದಿದವರಲ್ಲ. ಆ ಮನೆಯಲ್ಲಿ ಲೈಟ್ ಉರಿಯಬಾರದ ಹೊತ್ತು ಅದು ಅಂತ ಅವರಿಗೆ ಗೊತ್ತಿತ್ತು. ಅದೇ ಹುಡುಗನನ್ನು ಉಳಿಸಿತು.

ಬಾಡಿಗೆ ಮನೆ (ಹಾಸನ)

ಎಲ್ಲರ ಮಾತೂ ಓದಿದೆ. ಮನಸ್ಸಿಗೆ ತಟ್ಟಿತು. ಆದರೆ ನನ್ನ ಕಡೆಯದೂ ಹೇಳಬೇಕು.

ನಾನು ಒಬ್ಬಳೇ ಇರುವವಳು. ಕೆಲಸ ಮುಗಿಸಿ ಬರೋದು ತಡ ಆಗುತ್ತದೆ. ಮನೆ ಹುಡುಕುವಾಗ ಬಾಡಿಗೆ ಎಷ್ಟು ಅಂತ ಹೇಳುವ ಮೊದಲು "ನೀವು ಯಾವ ಜನ?" ಅಂತ ಕೇಳಿದ್ದಾರೆ. ಮನೆ ಸಿಕ್ಕಿದ ಮೇಲೆ ಎದುರು ಮನೆಯವರು ನನ್ನ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಇದ್ದರು ಅನ್ನೋದನ್ನು ಮಾಲೀಕರಿಗೆ ಹೇಳುತ್ತಿದ್ದರು. ಬಂದವನು ನನ್ನ ಸ್ವಂತ ತಮ್ಮ. ಯಾವ ಮನೆಯ ಲೈಟ್ ಯಾವಾಗ ಉರಿಯುತ್ತದೆ ಅಂತ ಗೊತ್ತಿರೋದು ಒಂದು ಹುಡುಗನ ಜೀವ ಉಳಿಸಿತು, ಒಪ್ಪಿದೆ. ಅದೇ ಗಮನ ನನ್ನನ್ನು ಆ ಮನೆ ಬಿಡಿಸಿತು. ಪರಿಚಯ ಒಳ್ಳೆಯದು ಅಂತ ಸುಮ್ನೆ ಹೇಳಿಬಿಟ್ಟರೆ ನನ್ನಂಥವರು ಎಲ್ಲಿಗೆ ಹೋಗಬೇಕು?

ಕೊಪ್ಪದ ಅಡಿಕೆ

ತಂಗಿ, ನಿಮ್ಮ ಮಾತು ಸರಿ ಇದೆ. ನಾನು ಅರವತ್ತು ದಾಟಿದವನು. ನಮ್ಮ ಊರಲ್ಲಿ ಮುಯ್ಯಾಳು ಇತ್ತು. ನಮ್ಮ ಗದ್ದೆ ನಾಟಿಗೆ ನೀವು ಬರೋದು, ನಿಮ್ಮ ಗದ್ದೆ ನಾಟಿಗೆ ನಾವು ಬರೋದು, ಸಂಬಳ ಇಲ್ಲ. ಈಗ ಗದ್ದೆಯೆಲ್ಲ ಅಡಿಕೆ ತೋಟ ಆಗಿದೆ, ಮುಯ್ಯಾಳೂ ಹೋಯಿತು. ಅದನ್ನು ನೆನೆದು ಎಷ್ಟೋ ಜನ ಕಣ್ಣೀರು ಹಾಕುತ್ತಾರೆ. ಆದರೆ ಆ ಕಾಲದಲ್ಲೂ ಕೆಲವು ಮನೆಯವರು ನಾಟಿಗೆ ಮಾತ್ರ ಬೇಕಾಗಿದ್ದರು. ಊಟಕ್ಕೆ ಕೂರುವಾಗ ಅವರಿಗೆ ಎಲೆ ಹೊರಗೆ ಹಾಕುತ್ತಿದ್ದರು. ಇದನ್ನು ಬಿಟ್ಟು ಹಳೇ ಕಾಲ ಚೆನ್ನಾಗಿತ್ತು ಅಂತ ಹೇಳೋಕೆ ನನಗೆ ಬಾಯಿ ಬರೋದಿಲ್ಲ. ನೆರೆಯವರು ಒಬ್ಬರಿಗೊಬ್ಬರು ಆಗಬೇಕು, ಆ ಎಲೆಯನ್ನು ಒಳಗೆ ಹಾಕಿಯೇ ಆಗಬೇಕು.

ಕೋಟೆ ಟೀಚರ್

ಬಾಡಿಗೆ ಮನೆಯವರೇ, ನೀವು ಹೇಳಿದ್ದು ಈ ಚರ್ಚೆಗೆ ಬೇಕೇ ಬೇಕಿತ್ತು. ಎರಡು ದಿನದಿಂದ ಇದನ್ನೇ ಯೋಚಿಸುತ್ತಿದ್ದೆ. ರೈಟ್ರಿಗೂ ನಿಮ್ಮ ಎದುರು ಮನೆಯವರಿಗೂ ಏನು ವ್ಯತ್ಯಾಸ? ಇಬ್ಬರೂ ಬೀದಿ ನೋಡುತ್ತಾರೆ, ಇಬ್ಬರಿಗೂ ಎಲ್ಲ ಗೊತ್ತು.

ನನಗೆ ಕಂಡದ್ದು ಹೇಳುತ್ತೇನೆ. ರೈಟ್ರು ಇಷ್ಟು ವರ್ಷದಲ್ಲಿ ಒಂದು ಸಲವೂ ಕೂಗದೆ ನಮ್ಮ ಹಿತ್ತಲಿಗೆ ಬಂದಿಲ್ಲ. ಗೇಟಿನಲ್ಲಿ "ಮಳೆ ನೋಡ್ತೀನಿ" ಅಂತಾರೆ, ಆಮೇಲೆ ಒಳಗೆ ಕಾಲಿಡುತ್ತಾರೆ. ಅವರಿಗೆ ಗೊತ್ತಾದದ್ದನ್ನು ಆ ಮನೆಯವರಿಗೇ ಹೇಳುತ್ತಾರೆ, ಮೂರನೆಯವರಿಗೆ ಹೇಳುವುದಿಲ್ಲ. ಚರಂಡಿ ಉಕ್ಕುತ್ತದೆ ಅಂತ ಚರಂಡಿ ಪಕ್ಕದವರಿಗೆ ಹೋಗಿ ಹೇಳಿದರು. ಇನ್ನೊಂದು, ಅವರ ಪುಸ್ತಕ ಯಾರು ಬೇಕಾದರೂ ನೋಡಬಹುದು. ನಿಮ್ಮ ಬಗ್ಗೆ ಬರೆದದ್ದನ್ನು ನಿಮಗೇ ತೋರಿಸುತ್ತಾರೆ. ಬೇಡ ಅಂದರೆ ಹೊಡೆದು ಹಾಕುತ್ತಾರೆ. ನಮ್ಮ ಬೀದಿಯ ಒಬ್ಬರು ತಮ್ಮ ಮನೆಯ ಒಂದು ಸಾವಿನ ಸಾಲು ಬೇಡ ಅಂದರು. ಮರುಮಾತಿಲ್ಲದೆ ಶಾಯಿ ಹಚ್ಚಿದರು.

ನಿಮ್ಮ ಎದುರು ಮನೆಯವರು ನಿಮ್ಮ ವಿಷಯವನ್ನು ನಿಮ್ಮ ಬೆನ್ನ ಹಿಂದೆ, ನಿಮ್ಮ ಮೇಲೆ ಅಧಿಕಾರ ಇದ್ದವರಿಗೆ ಹೇಳಿದರು. ಅದು ಪರಿಚಯ ಅಲ್ಲ, ಕಾವಲು.

ಬಾಡಿಗೆ ಮನೆ (ಹಾಸನ)

ಮೂರನೆಯವರಿಗೆ ಹೇಳುವುದಿಲ್ಲ ಅನ್ನೋದು ನನಗೆ ಬಹಳ ಹಿಡಿಸಿತು ಟೀಚರ್. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮೊದಲು ಮಾತಾಡಿಸಬೇಕಾದವರು ಯಾರು? "ನೀವೇ ಹೋಗಿ ಪರಿಚಯ ಮಾಡಿಕೊಳ್ಳಿ" ಅಂತ ಎಲ್ಲರೂ ನನಗೇ ಬುದ್ಧಿ ಹೇಳುತ್ತಾರೆ. ಹನ್ನೊಂದು ತಿಂಗಳ ಕರಾರಿನಲ್ಲಿ ಇರುವವಳು ನಾನು. ಸ್ವಂತ ಮನೆ ಕಟ್ಟಿಕೊಂಡು ಮೂವತ್ತು ವರ್ಷದಿಂದ ಇರುವವರು ಅವರು. ನನಗೆ ಕಳೆದುಕೊಳ್ಳೋದು ಜಾಸ್ತಿ. ಹೊಸದಾಗಿ ಬಂದವರನ್ನು ಮೊದಲು ಮಾತಾಡಿಸೋದು ಬೀದಿಯವರ ಕೆಲಸ ಅಂತ ನನಗೆ ಅನಿಸುತ್ತದೆ.

ಕೋಟೆ ಟೀಚರ್

ನಾನೂ ಒಪ್ಪುತ್ತೇನೆ. ನಮ್ಮ ವಿಷಯದಲ್ಲಿ ಆದದ್ದೂ ಅದೇ. ರೈಟ್ರೇ ಗೇಟಿಗೆ ಬಂದರು, ಬಂದು "ನಿಮಗೆ ತೊಂದರೆ ಅನಿಸಿದರೆ" ಅಂತ ಕೇಳಿದರು. ಬೇಡ ಅನ್ನುವ ಅವಕಾಶ ನನಗೆ ಕೊಟ್ಟರು. ಸ್ವಂತ ಮನೆಯವರು ಯಾರಾದರೂ ಓದುತ್ತಿದ್ದರೆ, ನಿಮ್ಮ ಬೀದಿಗೆ ಈ ತಿಂಗಳು ಯಾರು ಹೊಸದಾಗಿ ಬಂದಿದ್ದಾರೆ ನೋಡಿ. ನೀರು ಯಾವ ದಿನ ಬರುತ್ತದೆ, ಕಸದ ಗಾಡಿ ಎಷ್ಟು ಹೊತ್ತಿಗೆ, ರಾತ್ರಿ ತೆರೆದಿರುವ ಔಷಧಿ ಅಂಗಡಿ ಯಾವುದು, ಇಷ್ಟು ಹೇಳಿ ಬನ್ನಿ. ಜಾತಿ, ಮದುವೆ, ಸಂಬಳ ಕೇಳಬೇಡಿ.

ಹಾಸನ ನರ್ಸಮ್ಮ

ಬಾಡಿಗೆ ಮನೆ, ಈಗ ನೀವು ಹಾಸನದಲ್ಲಿ ಯಾವ ಭಾಗದಲ್ಲಿದ್ದೀರೋ ಇಲ್ಲಿ ಬರೆಯಬೇಡಿ. ನನಗೆ ಬೇರೆಯಾಗಿ ಒಂದು ಮೆಸೇಜ್ ಮಾಡಿ. ನನಗೆ ರಾತ್ರಿ ಪಾಳಿ ಇಲ್ಲದ ವಾರ ಬಂದು ಮಾತಾಡಿಸುತ್ತೇನೆ. ಆ ಕಡೆ ನಮ್ಮ ಆಸ್ಪತ್ರೆಯ ಇಬ್ಬರು ಇದ್ದಾರೆ, ಬಾಯಿ ಬಿಗಿ ಇರುವವರು. ನಿಮಗೆ ಇಷ್ಟ ಇದ್ದರೆ ಪರಿಚಯ ಮಾಡಿಸುತ್ತೇನೆ, ಇಲ್ಲದಿದ್ದರೆ ನಾವಿಬ್ಬರೇ ಕಾಫಿ ಕುಡಿಯೋಣ.

ಕಡೂರು ತೆಂಗು

ಟೀಚರ್, ಡಬ್ಬ ಸಿಕ್ಕಿತು. ನಮ್ಮ ಮನೆ ಮುಂದೆ ಬೇವಿನ ಮರ ಇದೆ, ಅದಕ್ಕೇ ಜಾಗ ಸರಿ ಇಲ್ಲ. ಎದುರು ಮನೆಯವರ ಕಣ ಚೆನ್ನಾಗಿದೆ. ನಾಳೆ ಹೋಗಿ ಕೇಳುತ್ತೇನೆ.